ಗೋಡೆಯ ಚಿತ್ರ, ಗಾಳಿಯ ಋಣ



ಪಂಪ, ಕುಮಾರವ್ಯಾಸರನ್ನು ಪಾಠ ಹೇಳುತ್ತ ತಲೆ ನರೆಸಿಕೊಂಡ ಕನ್ನಡದ ಅಧ್ಯಾಪಕನೊಬ್ಬ ಬಣ್ಣದ ಡಬ್ಬಿಯ ವಿಷಯವಾಗಿ ಮಾತನಾಡಲು ಬಂದು ಕುಳಿತಿದ್ದಾನೆಂದರೆ ನಿಮಗೆ ಕೊಂಚ ಆಶ್ಚರ್ಯವಾದೀತು. ಆದರೆ ಗೋಡೆಗೂ ಸಾಹಿತ್ಯಕ್ಕೂ ಇರುವ ನಂಟು ಹಳೆಯದು. 'ಭಿತ್ತಿ' ಎಂಬ ಒಂದೇ ಶಬ್ದ ಗೋಡೆಯನ್ನೂ ಹೇಳುತ್ತದೆ, ಚಿತ್ರಕ್ಕೆ ಆಧಾರವಾಗಿ ನಿಲ್ಲುವ ಹಿನ್ನೆಲೆಯನ್ನೂ ಹೇಳುತ್ತದೆ. ನಮ್ಮ ವಿಮರ್ಶಕರು ಕಾವ್ಯದ ಭಿತ್ತಿ, ಕಾದಂಬರಿಯ ಭಿತ್ತಿ ಎಂದು ಬರೆಯುವಾಗ ಚಿತ್ರಕಾರನಿಂದಲೇ ಆ ಮಾತನ್ನು ಕಡ ತಂದಿದ್ದಾರೆ. ಗೋಡೆಯಿದ್ದರೆ ತಾನೆ ಚಿತ್ತಾರ ಎಂಬುದು ಹಿರಿಯರ ವಿವೇಕ. ಈ ವಿವೇಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ, ಗೋಡೆಗೂ ಚಿತ್ರಕ್ಕೂ ಅದನ್ನು ಬರೆಯುವವನಿಗೂ ನೋಡುವವನಿಗೂ ಆಧಾರವಾದ ಮತ್ತೊಂದು ಭಿತ್ತಿ ಇದೆ, ಅದು ಗಾಳಿ. ಚಿತ್ರವೇ ಆ ಭಿತ್ತಿಯನ್ನು ಕೆಡಿಸುವುದಾದರೆ ಕಲಾವಿದ ಏನು ಮಾಡಬೇಕು? ಇಂದಿನ ನನ್ನ ಮಾತು ಈ ಪ್ರಶ್ನೆಯನ್ನು ಕುರಿತದ್ದು.

ನಮ್ಮ ನಗರಗಳಲ್ಲಿ ಈಗ ಮೇಲ್ಸೇತುವೆಯ ಕಂಬಗಳ ಮೇಲೆ, ರೈಲುದಾರಿಯ ಪಕ್ಕದ ಗೋಡೆಗಳ ಮೇಲೆ, ಮುಚ್ಚಿದ ಅಂಗಡಿಗಳ ಕದಗಳ ಮೇಲೆ ದೊಡ್ಡ ದೊಡ್ಡ ಚಿತ್ರಗಳು ಕಾಣುತ್ತವೆ. ಅವುಗಳಲ್ಲಿ ಹಲವು ಕುಂಚದಿಂದ ಬರೆದವಲ್ಲ. ಅಂಗೈಯಲ್ಲಿ ಹಿಡಿಯಬಹುದಾದ ತಗಡಿನ ಡಬ್ಬಿಯ ತಲೆಯನ್ನು ತೋರುಬೆರಳಿನಿಂದ ಒತ್ತಿದರೆ ಸುಯ್ಯೆಂದು ಬಣ್ಣ ಹೊರಚಿಮ್ಮುತ್ತದೆ. ತರುಣನೊಬ್ಬ ಗೋಡೆಯನ್ನು ಮುಟ್ಟದೆಯೇ ಗೋಡೆಯ ಮೇಲೆ ಬರೆಯುತ್ತಾನೆ. ಇದಕ್ಕೆ ಸ್ಪ್ರೇ ಪೇಂಟ್ ಎಂಬ ಹೆಸರು ಜನರ ಬಾಯಲ್ಲಿ ನಿಂತಿದೆ. ನಾನು ಅದನ್ನು ತುಂತುರುಬಣ್ಣ ಎಂದೂ ಕರೆಯುತ್ತೇನೆ.

ಈ ತುಂತುರುಬಣ್ಣ ಆಧುನಿಕರ ಆವಿಷ್ಕಾರ ಎಂದು ಹಲವರು ಭಾವಿಸಿದ್ದಾರೆ. ಡಬ್ಬಿ ಆಧುನಿಕವಾದದ್ದು, ನಿಜ. ಆದರೆ ಬಣ್ಣವನ್ನು ಸಿಂಪಡಿಸಿ ಚಿತ್ರ ಬರೆಯುವ ಕಲೆ ಮನುಷ್ಯನ ಅತಿ ಪುರಾತನ ಕಲೆಗಳಲ್ಲಿ ಒಂದು. ಗುಹೆಯ ಬಂಡೆಗೆ ಅಂಗೈಯನ್ನು ಒತ್ತಿ ಹಿಡಿದು, ಬಾಯಲ್ಲಿ ತುಂಬಿಕೊಂಡ ಕೆಮ್ಮಣ್ಣಿನ ನೀರನ್ನು ಅದರ ಸುತ್ತ ಊದಿ, ಕೈ ತೆಗೆದರೆ ಬಂಡೆಯ ಮೇಲೆ ಕೈಯ ಆಕೃತಿ ಉಳಿಯುತ್ತದೆ. ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಗುಹೆಯೊಂದರಲ್ಲಿರುವ ಇಂಥ ಒಂದು ಕೈಗುರುತಿಗೆ ಕಡಿಮೆಯೆಂದರೂ 39,900 ವರ್ಷಗಳ ವಯಸ್ಸೆಂದು 2014ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅರ್ಜೆಂಟೀನಾದಲ್ಲಿ 'ಕೈಗಳ ಗುಹೆ' ಎಂದೇ ಹೆಸರಾದ ತಾಣವೊಂದಿದೆ. ಅಲ್ಲಿ ನೂರಾರು ಅಂಗೈಗಳು ಗೋಡೆಯಿಂದ ನಮ್ಮತ್ತ ಚಾಚಿಕೊಂಡಿವೆ. ಫ್ರಾನ್ಸಿನ ಪೆಶ್ ಮೆರ್ಲ್ ಗುಹೆಯ ಚುಕ್ಕೆಕುದುರೆಗಳ ಚಿತ್ರವನ್ನು ಹಿಂದಿನವರು ಬರೆದದ್ದು ಹೇಗೆಂದು ತಿಳಿಯಲು ಮಿಶೆಲ್ ಲೋರ್ಬ್ಲಾಂಶೆ ಎಂಬ ಪುರಾತತ್ವಜ್ಞರು 1990ರ ಸುಮಾರಿಗೆ ತಾವೇ ಇದ್ದಿಲನ್ನು ಅಗಿದು, ಬಂಡೆಯ ಮೇಲೆ ಉಗುಳಿ ಉಗುಳಿ, ಅಂಥದೇ ಕುದುರೆಗಳನ್ನು ಮೂಡಿಸಿ ತೋರಿಸಿದರು. ಅಂಚು ಬೇಕಾದ ಕಡೆ ಅಂಗೈಯನ್ನೇ ಅಡ್ಡ ಹಿಡಿದರು.

ಆ ಆದಿಮ ಚಿತ್ರಕಾರನ ಸಾಮಗ್ರಿ ಯಾವುದು? ಮಣ್ಣು, ಇದ್ದಿಲು, ನೀರು, ಎಂಜಲು ಮತ್ತು ಉಸಿರು. ಬಣ್ಣವನ್ನು ತಳ್ಳುವ ಶಕ್ತಿ ಅವನ ಉಸಿರೇ ಆಗಿತ್ತು. ಇದನ್ನು ನಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ತುಂತುರುಬಣ್ಣದಿಂದ ಕೇಡಿದೆ ಎಂದ ಕೂಡಲೆ ತುಂತುರೇ ಕೇಡು ಎಂದು ತೀರ್ಮಾನಿಸುವವರಿದ್ದಾರೆ. ಕೇಡು ತುಂತುರಿನಲ್ಲಿಲ್ಲ, ಉಸಿರಿದ್ದ ಜಾಗಕ್ಕೆ ನಾವು ತಂದಿಟ್ಟ ವಸ್ತುಗಳಲ್ಲಿದೆ.

ಆ ವಸ್ತುಗಳು ಬಂದ ದಾರಿಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಒತ್ತಡದ ಅನಿಲವನ್ನು ಡಬ್ಬಿಯಲ್ಲಿ ತುಂಬಿ, ಅದರ ಬಲದಿಂದ ದ್ರವವನ್ನು ಹೊರಚಿಮ್ಮಿಸುವ ಉಪಾಯಕ್ಕೆ ನಾರ್ವೆಯ ಎರಿಕ್ ರಾಥೈಮ್ ಎಂಬ ಎಂಜಿನಿಯರು 1920ರ ದಶಕದಲ್ಲಿ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ಸೊಳ್ಳೆ ಕೊಲ್ಲಲು ಇಂಥ ಡಬ್ಬಿಗಳನ್ನು ಬಳಸಿದರು. 1949ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತ್ಯದ ಎಡ್ವರ್ಡ್ ಸೀಮೋರ್ ಎಂಬ ಬಣ್ಣದ ವ್ಯಾಪಾರಿ ಅದರಲ್ಲಿ ಬಣ್ಣ ತುಂಬಿದರು. ಈ ಸಲಹೆ ಕೊಟ್ಟವರು ಅವರ ಪತ್ನಿ ಬಾನಿ ಎಂದು ಹೇಳುತ್ತಾರೆ. ಚಳಿದೇಶದ ಮನೆಗಳನ್ನು ಬೆಚ್ಚಗಿಡುವ ಕೊಳವೆಯೊಲೆಗಳಿಗೆ ಬಳಿಯುವ ಅಲ್ಯುಮಿನಿಯಂ ಬಣ್ಣವನ್ನು ಗಿರಾಕಿಗಳಿಗೆ ಸುಲಭವಾಗಿ ತೋರಿಸುವುದಷ್ಟೇ ಅವರ ಉದ್ದೇಶವಾಗಿತ್ತು. ಅದರಿಂದ ಒಂದು ಕಲಾಪಂಥ ಹುಟ್ಟೀತೆಂದು ಆ ದಂಪತಿಗಳು ಕನಸಿನಲ್ಲೂ ಎಣಿಸಿರಲಾರರು.

ಆದರೆ ಹುಟ್ಟಿತು. 1970ರ ದಶಕದಲ್ಲಿ ನ್ಯೂಯಾರ್ಕಿನ ಬಡಾವಣೆಗಳ ಹುಡುಗರು ಈ ಡಬ್ಬಿಯನ್ನು ಹಿಡಿದು ಸುರಂಗರೈಲುಗಳ ಮೈಮೇಲೆ ತಮ್ಮ ಹೆಸರುಗಳನ್ನು ಬರೆದರು. ಹೆಸರು ಬೆಳೆದು ಅಕ್ಷರಚಿತ್ರವಾಯಿತು, ಅಕ್ಷರಚಿತ್ರ ಬೆಳೆದು ಇಡೀ ಬೋಗಿಯನ್ನು ತುಂಬಿತು. ಕಲಾಶಾಲೆಯ ಮೆಟ್ಟಿಲು ಹತ್ತದವರು, ಚಿತ್ರಪ್ರದರ್ಶನದ ಬಾಗಿಲು ಕಾಣದವರು, ತಮ್ಮ ಊರಿಗೆ ತಾವಿದ್ದೇವೆ ಎಂದು ತಿಳಿಸಲು ಕಂಡುಕೊಂಡ ದಾರಿ ಅದು. ಅಧಿಕಾರಿಗಳು ಅದನ್ನು ರಾಸಾಯನಿಕಗಳಿಂದ ತೊಳೆಸಿದರು. ಹುಡುಗರು ಮತ್ತೆ ಬರೆದರು. ಚಿತ್ರ ಬರೆದ ಕೊನೆಯ ಬೋಗಿಯನ್ನು ಅಲ್ಲಿನ ಆಡಳಿತ ಹಿಂದಕ್ಕೆ ಪಡೆದದ್ದು 1989ರಲ್ಲಿ. ಬರೆಯಲೂ ವಿಷ, ಅಳಿಸಲೂ ವಿಷ. ಎರಡು ದಶಕಗಳ ಆ ಹಗ್ಗಜಗ್ಗಾಟದಲ್ಲಿ ಗಾಳಿಯ ಪರವಾಗಿ ವಕಾಲತ್ತು ವಹಿಸಿದವರು ಬಹಳ ಮಂದಿ ಇರಲಿಲ್ಲ.

ಈಗ ಡಬ್ಬಿಯ ಒಳಗೆ ಏನಿದೆ ಎಂದು ನೋಡೋಣ. ವ್ಯಾಕರಣ ಪಾಠದಲ್ಲಿ ಸಮಾಸವನ್ನು ಬಿಡಿಸುವಂತೆ ಇದನ್ನು ಬಿಡಿಸಬೇಕು. ಬಿಡಿಸಿದರೆ ಐದು ಪದಗಳು ದೊರೆಯುತ್ತವೆ. ಮೊದಲನೆಯದು ಬಣ್ಣ ಕೊಡುವ ಪುಡಿ. ಎರಡನೆಯದು ಆ ಪುಡಿಯನ್ನು ಗೋಡೆಗೆ ಹಿಡಿಸುವ ಅಂಟು; ಇದು ಸಾಮಾನ್ಯವಾಗಿ ಅಕ್ರಿಲಿಕ್ ಮುಂತಾದ ಕೃತಕ ರಾಳ, ಅಂದರೆ ಪ್ಲಾಸ್ಟಿಕ್ಕಿನ ದಾಯಾದಿ. ಮೂರನೆಯದು ಇವೆರಡನ್ನೂ ತೆಳುವಾಗಿಸುವ ದ್ರಾವಕ. ಜೈಲೀನ್, ಟಾಲ್ಯುಯೀನ್, ಅಸಿಟೋನ್ ಇತ್ಯಾದಿ. ನಾಲ್ಕನೆಯದು ಎಲ್ಲವನ್ನೂ ಹೊರಕ್ಕೆ ತಳ್ಳುವ ಅನಿಲ. ಐದನೆಯದು ತಗಡಿನ ಡಬ್ಬಿ, ಅದರ ಪ್ಲಾಸ್ಟಿಕ್ ಮೂತಿ, ಕುಲುಕಿದಾಗ ಕಟಕಟನೆ ಸದ್ದು ಮಾಡುವ ಒಳಗಿನ ಗೋಲಿ. ಗೋಡೆಯ ಮೇಲೆ ಚಿತ್ರವಾಗಿ ಉಳಿಯುವುದು ಮೊದಲಿನ ಎರಡು ಮಾತ್ರ. ಮೂರನೆಯದೂ ನಾಲ್ಕನೆಯದೂ ಗಾಳಿಗೆ ಹೋಗುತ್ತವೆ; ಐದನೆಯದು ತಿಪ್ಪೆಗೆ ಹೋಗುತ್ತದೆ. ಗೋಡೆಗೆಂದು ಹೊರಟ ಬಣ್ಣದಲ್ಲಿಯೂ ಒಂದು ಪಾಲು ಗುರಿ ತಪ್ಪಿ ಸೂಕ್ಷ್ಮ ಮಂಜಾಗಿ ತೇಲಿ, ಪಕ್ಕದ ಮರದ ಎಲೆಗೂ ಬರೆಯುವವನ ಮೂಗಿಗೂ ಅಂಟುತ್ತದೆ.

ಈ ನಾಲ್ಕನೆಯ ಪದದ, ಎಂದರೆ ತಳ್ಳುವ ಅನಿಲದ, ಕಥೆ ಸ್ವಾರಸ್ಯಕರವಾದದ್ದು. ಮೊದಮೊದಲು ಅಲ್ಲಿದ್ದದ್ದು ಕ್ಲೋರೋಫ್ಲೋರೋಕಾರ್ಬನ್ ಎಂಬ ಅನಿಲಗಳು. ಬೆಂಕಿ ಹತ್ತದು, ವಾಸನೆಯಿಲ್ಲ, ಮೂಗಿಗೆ ಬಾಧೆಯಿಲ್ಲ. ಸಾಧುಪ್ರಾಣಿ ಎಂದು ಎಲ್ಲರೂ ನಂಬಿದ್ದರು. 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಎಂಬ ವಿಜ್ಞಾನಿಗಳು ಈ ಸಾಧುಪ್ರಾಣಿ ಮೇಲಿನ ವಾಯುಮಂಡಲಕ್ಕೆ ಏರಿ ಓಝೋನ್ ಪದರವನ್ನು ಕಡಿಯಬಲ್ಲದೆಂದು ತೋರಿಸಿದರು. 1978ರಲ್ಲಿ ಅಮೆರಿಕ ಹೆಚ್ಚಿನ ತುಂತುರುಡಬ್ಬಿಗಳಲ್ಲಿ ಅದನ್ನು ನಿಷೇಧಿಸಿತು. 1985ರಲ್ಲಿ ದಕ್ಷಿಣ ಧ್ರುವದ ಮೇಲೆ ಓಝೋನ್ ತೂತು ಪತ್ತೆಯಾದ ಸುದ್ದಿ ಬಂತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಆ ಇಬ್ಬರೂ ಪಾಲ್ ಕ್ರುಟ್ಝೆನ್ ಎಂಬ ಮತ್ತೊಬ್ಬ ವಿಜ್ಞಾನಿಯೊಂದಿಗೆ 1995ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಓಝೋನ್ ಪದರ ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಡಬ್ಬಿ ಉಳಿಯಿತು, ಚಿತ್ರವೂ ಉಳಿಯಿತು, ಕೇಡಿನ ಅನಿಲ ಮಾತ್ರ ಹೋಯಿತು. ಮನಸ್ಸು ಮಾಡಿದರೆ ಸಾಮಗ್ರಿಯನ್ನು ಬದಲಾಯಿಸಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಅನಿಲದ ಜಾಗಕ್ಕೆ ಬಂದವು ಪ್ರೋಪೇನ್, ಬ್ಯುಟೇನ್, ಡೈಮೀಥೈಲ್ ಈಥರ್. ಮೊದಲಿನ ಎರಡು ನಮ್ಮ ಅಡಿಗೆಮನೆಯ ಸಿಲಿಂಡರಿನಲ್ಲಿ ಇರುವಂಥವೇ. ಇವು ಓಝೋನ್ ಪದರವನ್ನು ಕಡಿಯುವುದಿಲ್ಲ. ಆದರೆ ಇವೂ, ಡಬ್ಬಿಯೊಳಗಿನ ದ್ರಾವಕಗಳೂ, ಬೇಗ ಆವಿಯಾಗಿ ಗಾಳಿಗೆ ಸೇರುತ್ತವೆ. ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳೊಂದಿಗೆ ಬೆರೆತು, ಬಿಸಿಲಿನಲ್ಲಿ ಬೆಂದು, ನಾವು ಉಸಿರಾಡುವ ಎತ್ತರದಲ್ಲಿಯೇ ಓಝೋನನ್ನು ಹುಟ್ಟಿಸುತ್ತವೆ. ವಿಧಿಯ ವ್ಯಂಗ್ಯವನ್ನು ನೋಡಿ! ಮೇಲಿದ್ದು ನಮ್ಮನ್ನು ಕಾಯುವ ಓಝೋನನ್ನು ಹಳೆಯ ಡಬ್ಬಿ ಕಡಿಯಿತು. ಕೆಳಗಿದ್ದು ಶ್ವಾಸಕೋಶವನ್ನು ಸುಡುವ ಓಝೋನನ್ನು ಹೊಸ ಡಬ್ಬಿ ಬೆಳೆಸುತ್ತಿದೆ.

ಹಾಗೆಂದು ನಗರದ ಗಾಳಿ ಕೆಟ್ಟದ್ದಕ್ಕೆಲ್ಲ ಚಿತ್ರ ಬರೆಯುವ ಹುಡುಗರೇ ಕಾರಣ ಎಂದರೆ ಅದು ಅನ್ಯಾಯದ ಮಾತಾಗುತ್ತದೆ. 2021ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾನಿಲಯದ ಸಂಶೋಧಕರು ತಮ್ಮ ದೇಶದಲ್ಲಿ ತುಂತುರುಡಬ್ಬಿಗಳಿಂದ ಹೊರಬೀಳುವ ಇಂಥ ಆವಿ ಪೆಟ್ರೋಲ್ ಕಾರುಗಳಿಂದ ಬರುವುದಕ್ಕಿಂತ ಹೆಚ್ಚು ಎಂದು ಲೆಕ್ಕ ಹಾಕಿದರು. ಆದರೆ ಅವುಗಳಲ್ಲಿ ಹೆಚ್ಚಿನ ಪಾಲು ಕಂಕುಳಿಗೆ, ಕೂದಲಿಗೆ ಸಿಂಪಡಿಸಿಕೊಳ್ಳುವ ಸುಗಂಧ ಮುಂತಾದವುಗಳದು. ಬೆಳಿಗ್ಗೆ ಮೈಗೆಲ್ಲ ಸುಗಂಧ ಸಿಂಪಡಿಸಿಕೊಂಡು ಹೊರಟ ಗೃಹಸ್ಥ ದಾರಿಯಲ್ಲಿ ಗೋಡೆಚಿತ್ರ ಬರೆಯುವವನನ್ನು ಕಂಡು ಮೂಗು ಮುರಿಯುವಂತಿಲ್ಲ. ಹಾಗಾದರೆ ಕಲಾವಿದನನ್ನೇ ಏಕೆ ಕುರಿತು ಮಾತನಾಡಬೇಕು? ಆ ಆವಿಯ ಮೊದಲ ಗುಟುಕನ್ನು ಕುಡಿಯುವವನು ಅವನೇ ಆದದ್ದರಿಂದ.

ನನ್ನ ಮಗಳ ಮಗ ಚಿತ್ರಕಲೆಯ ವಿದ್ಯಾರ್ಥಿ. ಒಂದು ದಿನ ಅವನು ಮನೆಯ ಮಾಳಿಗೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಲಗೆಯ ಮೇಲೆ ಅಭ್ಯಾಸ ಮಾಡಿ ಕೆಳಗಿಳಿದಾಗ ತಲೆ ಹಿಡಿದುಕೊಂಡು ಕುಳಿತ, ಕಣ್ಣು ಕೆಂಪಾಗಿತ್ತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ. ಅವನ ತಾಯಿ ಗಾಬರಿಯಾದಳು. "ಇದೇ ಚಿತ್ರವನ್ನು ಕುಂಚದಿಂದ ಬರೆಯಬಾರದೇನಪ್ಪ?" ಎಂದು ನಾನು ಕೇಳಿದೆ.

"ತಾತ, ಕುಂಚದಲ್ಲಿ ಆ ಮಂಜು ಬರುವುದಿಲ್ಲ" ಎಂದ.

"ಯಾವ ಮಂಜು?"

"ಒಂದು ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೊತ್ತಾಗದ ಹಾಗೆ ಕರಗಿಹೋಗುತ್ತದಲ್ಲ, ಆ ಮಂಜು. ನೀವು ಕಾವ್ಯದಲ್ಲಿ ಧ್ವನಿ ಅಂತೀರಲ್ಲ, ಹಾಗೆ."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹೇಳಿದ್ದು ಎಲ್ಲಿ ನಿಂತು, ಹೇಳದ್ದು ಎಲ್ಲಿ ಆರಂಭವಾಗುವುದೋ ಅಲ್ಲಿಯೇ ಕಾವ್ಯವಿದೆ ಎಂದು ಮೂವತ್ತು ವರ್ಷ ಪಾಠ ಹೇಳಿದವನು, ಗೋಡೆಯ ಮೇಲೆ ಅದನ್ನೇ ಸಾಧಿಸಹೊರಟವನಿಗೆ 'ಬೇಡ' ಎನ್ನುವುದು ಹೇಗೆ? ಆದರೆ ಆ ಧ್ವನಿಗೆ ಅವನ ಎದೆಗೂಡು ಬೆಲೆ ತೆರಬಾರದು. ಕರವಸ್ತ್ರ, ಧೂಳು ತಡೆಯುವ ಸಾಮಾನ್ಯ ಮುಖವಾಡ, ಇವು ಬಣ್ಣದ ಕಣಗಳನ್ನು ಅಷ್ಟಿಷ್ಟು ತಡೆದಾವು. ದ್ರಾವಕದ ಆವಿಯನ್ನು ತಡೆಯಲಾರವು. ಅದಕ್ಕೆ ಇದ್ದಿಲಿನ ಸೋಸುಗವುಳ್ಳ, ಮುಖಕ್ಕೆ ಬಿಗಿಯಾಗಿ ಕೂರುವ ಮುಖವಾಡವೇ ಬೇಕು. ಗಾಳಿಯಾಡುವ ಬಯಲೂ ಬೇಕು. ಚಿತ್ರ ಬರೆಯುವ ಎಲ್ಲ ಮಕ್ಕಳ ತಂದೆತಾಯಿಗಳಿಗೂ ನಾನು ಮೊದಲು ಹೇಳುವ ಮಾತು ಇದು. ಪರಿಸರ ಎಂಬುದು ಎಲ್ಲೋ ಕಾಡಿನಲ್ಲಿ ಆರಂಭವಾಗುವುದಿಲ್ಲ. ಮೂಗಿನ ಹೊಳ್ಳೆಯಲ್ಲಿ ಆರಂಭವಾಗುತ್ತದೆ.

ಇನ್ನು ಡಬ್ಬಿಯ ಐದು ಪದಗಳನ್ನು ಒಂದೊಂದಾಗಿ ಪರೀಕ್ಷಿಸಿ, ಯಾವುದನ್ನು ಬಿಡಬಹುದು, ಯಾವುದನ್ನು ಬದಲಿಸಬಹುದು ಎಂದು ನೋಡೋಣ.

ಎಲ್ಲಕ್ಕಿಂತ ಸುಲಭವಾದ ದಾರಿ ಮಿತವ್ಯಯ. ದೊಡ್ಡ ಗೋಡೆಯ ಹಿನ್ನೆಲೆಯನ್ನೆಲ್ಲ ಡಬ್ಬಿಯಿಂದಲೇ ತುಂಬಬೇಕಾಗಿಲ್ಲ. ಅನುಭವಿಗಳಾದ ಹಲವರು ಹಿನ್ನೆಲೆಗೆ ನೀರಿನಲ್ಲಿ ಕಲಸುವ ಗೋಡೆಬಣ್ಣವನ್ನು ರೋಲರಿನಿಂದ ಬಳಿದು, ಮಂಜು ಬೇಕಾದ ಕಡೆಗೆ ಮಾತ್ರ ಡಬ್ಬಿಯನ್ನು ಬಳಸುತ್ತಾರೆ. ಮನೆ ಕಟ್ಟಿದವರಲ್ಲಿ ಉಳಿದ ಅರ್ಧ ಬಕೆಟ್ಟು ಬಣ್ಣ ಹಿನ್ನೆಲೆಗೆ ಸಾಕಾಗುತ್ತದೆ. ಕೇಡು ಕಡಿಮೆಯಾಗುತ್ತದೆ, ಖರ್ಚೂ ಕಡಿಮೆಯಾಗುತ್ತದೆ. ಕುಂಚ ತೊಳೆದ ನೀರನ್ನು ಚರಂಡಿಗೆ ಸುರಿಯದೆ, ಗಸಿ ತಂಗಿದ ಮೇಲೆ ತಿಳಿಯನ್ನು ಬೇರ್ಪಡಿಸುವಷ್ಟು ತಾಳ್ಮೆ ಬೇಕು. ಅಕ್ರಿಲಿಕ್ ನೀರಿನಲ್ಲಿ ಕಲೆತರೂ ಪ್ಲಾಸ್ಟಿಕ್ ಎಂಬುದನ್ನು ಮರೆಯಬಾರದು. ಡಬ್ಬಿಯೇ ಬೇಡವೆಂದು ನಿರ್ಧರಿಸಿ ಬೀದಿಯನ್ನು ಮಾತನಾಡಿಸಿದವರೂ ನಮ್ಮಲ್ಲಿ ಇದ್ದಾರೆ. 2015ರಲ್ಲಿ ಬಾದಲ್ ನಂಜುಂಡಸ್ವಾಮಿಯವರು ಬೆಂಗಳೂರಿನ ರಸ್ತೆಯೊಂದರ ಗುಂಡಿಯಲ್ಲಿ ಮೊಸಳೆಯ ಪ್ರತಿಮೆಯನ್ನಿಟ್ಟು ಸುತ್ತಲೂ ಕೊಳವನ್ನು ಚಿತ್ರಿಸಿದಾಗ ಅದು ಊರೆಲ್ಲ ಮಾತಾಯಿತು. ಬೀದಿಕಲೆಯ ಬಲ ಡಬ್ಬಿಯಲ್ಲಿರದೆ ನೋಟದಲ್ಲಿದೆ ಎಂಬುದಕ್ಕೆ ಆ ಮೊಸಳೆಯೇ ಸಾಕ್ಷಿ.

ಎರಡನೆಯ ದಾರಿ, ದ್ರಾವಕವನ್ನು ಬದಲಿಸುವುದು. ಸ್ಪೇನಿನ ಬಾರ್ಸಿಲೋನಾ ಕಡೆಯ ಮೊಂಟಾನಾ ಕಲರ್ಸ್ ಮುಂತಾದ ತಯಾರಕರು ನೀರನ್ನೇ ಮುಖ್ಯ ದ್ರಾವಕವಾಗಿ ಉಳ್ಳ ತುಂತುರುಡಬ್ಬಿಗಳನ್ನು ತಂದಿದ್ದಾರೆ. ವಾಸನೆ ಕಡಿಮೆ, ಆವಿ ಕಡಿಮೆ. ಆದರೆ ಕೊಳ್ಳುವವರು ಭ್ರಮೆಗೊಳ್ಳಬಾರದು: ದ್ರಾವಕ ನೀರಾದರೂ ತಳ್ಳುವ ಅನಿಲ ಇದ್ದೇ ಇರುತ್ತದೆ, ತಗಡಿನ ಡಬ್ಬಿಯೂ ಇರುತ್ತದೆ. ಐದರಲ್ಲಿ ಒಂದು ಪದ ತಿದ್ದಿದಂತಾಯಿತು, ಪೂರ್ಣವಾಕ್ಯ ಇನ್ನೂ ಆಗಿಲ್ಲ.

ಮೂರನೆಯ ದಾರಿ, ಅನಿಲವನ್ನೂ ಡಬ್ಬಿಯನ್ನೂ ಒಟ್ಟಿಗೆ ಬಿಡುವುದು. ಗಾಳಿಯನ್ನೇ ಒತ್ತಿ ತುಂಬುವ ಕಂಪ್ರೆಸರ್ ಮತ್ತು ಸ್ಪ್ರೇ ಗನ್ನನ್ನು ಕಾರಿಗೆ ಬಣ್ಣ ಹೊಡೆಯುವವರು ಬಹುಕಾಲದಿಂದ ಬಳಸುತ್ತಿದ್ದಾರೆ. ಚಿತ್ರಕಾರರ ಏರ್‌ಬ್ರಷ್ ಅದರ ಕಿರಿಯ ತಮ್ಮ. ನೀರಿನ ಬಣ್ಣವನ್ನು ಅದರಲ್ಲಿ ತುಂಬಿದರೆ, ತಳ್ಳುವುದು ಬರಿಯ ಗಾಳಿ. ಬಳಸಿದ ಪಾತ್ರೆಯನ್ನು ತೊಳೆದು ಮತ್ತೆ ತುಂಬಬಹುದು. ನನ್ನ ಮೊಮ್ಮಗ ಕೇಳಿದ ಮಂಜು ಇದರಲ್ಲಿ ಬರುತ್ತದೆ. ಇದಕ್ಕೆ ವಿದ್ಯುತ್ತು ಬೇಕು, ಹೊತ್ತೊಯ್ಯುವುದು ಕಷ್ಟ, ತೇಲುವ ಕಣಗಳಿಂದ ಮೂಗನ್ನು ಕಾಯಲೇಬೇಕು, ಇವು ನಿಜ. ಆದರೆ ಅನುಮತಿ ಪಡೆದು, ಹಗಲಿನಲ್ಲಿ, ದಿನಗಟ್ಟಲೆ ನಿಂತು ಬರೆಯುವ ದೊಡ್ಡ ಭಿತ್ತಿಚಿತ್ರಗಳಿಗೆ ಇದು ಅಸಾಧ್ಯವೇನಲ್ಲ. ಗುಹೆಯ ಚಿತ್ರಕಾರನ ಉಸಿರಿಗೆ ಇದೇ ಹತ್ತಿರದ ಸಂಬಂಧಿ.

ನಾಲ್ಕನೆಯ ದಾರಿ ಬಣ್ಣದ ಪುಡಿಯನ್ನು ಕುರಿತದ್ದು. ಇದಕ್ಕೆ ಬೆಂಗಳೂರಿನ ನಂಟಿದೆ. ಅನಿರುದ್ಧ ಶರ್ಮಾ ಮತ್ತು ಅವರ ಸಂಗಡಿಗರು ಕಟ್ಟಿದ ಗ್ರಾವಿಕಿ ಲ್ಯಾಬ್ಸ್ ಎಂಬ ಸಂಸ್ಥೆ ಡೀಸೆಲ್ ಹೊಗೆಯ ಮಸಿಯನ್ನು ಹಿಡಿದು, ಅದರಲ್ಲಿರುವ ವಿಷಾಂಶಗಳನ್ನು ಬೇರ್ಪಡಿಸಿ, 'ಏರ್ ಇಂಕ್' ಎಂಬ ಕಪ್ಪು ಶಾಯಿಯನ್ನು ತಯಾರಿಸಿತು. 2016ರಲ್ಲಿ ಹಾಂಗ್‌ಕಾಂಗಿನ ಕಲಾವಿದರು ಅದರಿಂದ ಬೀದಿಗೋಡೆಗಳ ಮೇಲೆ ಚಿತ್ರ ಬರೆದರು. ಕನ್ನಡಿಗರಿಗೆ ಇದರ ತತ್ವ ಹೊಸದಲ್ಲ. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರ ಕಾಣುವಂತೆ ನಮ್ಮ ಲಿಪಿಕಾರರು ತೊಡೆಯುತ್ತಿದ್ದದ್ದು ಮಸಿಯನ್ನೇ. ಹಳಗನ್ನಡ ಕಾವ್ಯಗಳು ನಮಗೆ ಉಳಿದು ಬಂದದ್ದು ದೀಪದ ಕಾಡಿಗೆಯ ಕೃಪೆಯಿಂದ. ಅಂದಿನ ಮಸಿ ದೀಪದಿಂದ ಬಂತು, ಇಂದಿನದು ಲಾರಿಯ ಕೊಳವೆಯಿಂದ ಬರುತ್ತಿದೆ. ಆದರೂ ಶಾಯಿ ಮಾಡುತ್ತೇವೆಂದು ಹೊಗೆಗೆ ಪರವಾನಗಿ ಸಿಕ್ಕಿತೆಂದು ತಿಳಿಯಬಾರದು. ಕೊಚ್ಚೆಯಿಂದ ಕಮಲ ಹುಟ್ಟುತ್ತದೆಂದು ಊರೆಲ್ಲ ಕೊಚ್ಚೆ ಮಾಡುವುದುಂಟೆ?

ಐದನೆಯ ದಾರಿ ಎಲ್ಲಕ್ಕಿಂತ ವಿಚಿತ್ರವಾದದ್ದು: ಬಣ್ಣವನ್ನು ಸೇರಿಸದೆ, ಕೊಳೆಯನ್ನು ತೆಗೆದು ಚಿತ್ರ ಬರೆಯುವುದು. 2006ರಲ್ಲಿ ಬ್ರೆಜಿಲ್ಲಿನ ಸಾವೊ ಪಾವ್ಲೊ ನಗರದಲ್ಲಿ ಅಲೆಕ್ಸಾಂಡ್ರೆ ಓರಿಯನ್ ಎಂಬ ಕಲಾವಿದರು ಸುರಂಗಮಾರ್ಗದ ಗೋಡೆಗೆ ಮೆತ್ತಿದ್ದ ವಾಹನಗಳ ಮಸಿಯನ್ನು ಬಟ್ಟೆಯಿಂದ ಒರೆಸುತ್ತ ಒರೆಸುತ್ತ ಸಾಲುಸಾಲಾಗಿ ತಲೆಬುರುಡೆಗಳನ್ನು ಮೂಡಿಸಿದರು. ಗೋಡೆಯನ್ನು ಸ್ವಚ್ಛ ಮಾಡುವುದನ್ನು ಅಪರಾಧ ಎನ್ನುವುದು ಕಷ್ಟ. ಪೇಚಿಗೆ ಸಿಕ್ಕಿದ ನಗರಾಡಳಿತ ಕೊನೆಗೆ ಮಾಡಬಹುದಾಗಿದ್ದ ಒಂದೇ ಕೆಲಸ ಮಾಡಿತು, ಸುರಂಗವನ್ನು ತೊಳೆಸಿತು. ಒರೆಸಿದ ಬಟ್ಟೆಗಳಿಂದ ಮಸಿಯನ್ನು ಹಿಂಡಿ ತೆಗೆದು ಆ ಕಲಾವಿದರು ಮುಂದೆ ಅದನ್ನೇ ಬಣ್ಣವಾಗಿ ಬಳಸಿದರು. ನಗರದ ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳಲು ಇದಕ್ಕಿಂತ ಸಮರ್ಥವಾದ ರೂಪಕವನ್ನು ಯಾವ ಕವಿಯೂ ಕಲ್ಪಿಸಲಾರ.

ಗಾಳಿಯನ್ನು ತಿನ್ನುವ ಬಣ್ಣ ಎಂಬ ಮಾತೂ ಈಚೆಗೆ ಕೇಳಿಬರುತ್ತಿದೆ. 2018ರಲ್ಲಿ ರೋಮ್ ನಗರದಲ್ಲಿ ಇಯೆನಾ ಕ್ರೂಝ್ ಎಂಬ ಕಲಾವಿದರು ಕೊಕ್ಕರೆಯ ಬೃಹತ್ ಭಿತ್ತಿಚಿತ್ರವೊಂದನ್ನು ಅಂಥ ಬಣ್ಣದಲ್ಲಿ ಬರೆದರು. ಅದರಲ್ಲಿರುವ ಟೈಟಾನಿಯಂ ಡಯಾಕ್ಸೈಡ್ ಬೆಳಕು ಬಿದ್ದಾಗ ನೈಟ್ರೋಜನ್ ಆಕ್ಸೈಡುಗಳನ್ನು ನೈಟ್ರೇಟಾಗಿ ಮಾರ್ಪಡಿಸುತ್ತದೆ. ರಸಾಯನಶಾಸ್ತ್ರ ಸರಿಯಾಗಿಯೇ ಇದೆ. ಆದರೆ ಬಯಲಿನ ಗಾಳಿಯಲ್ಲಿ ಅದರ ಪರಿಣಾಮಕ್ಕೆ ಗಟ್ಟಿಯಾದ ಆಧಾರ ಸಾಲದೆಂದು ಬ್ರಿಟನ್ ಸರ್ಕಾರದ ವಾಯು ಗುಣಮಟ್ಟ ತಜ್ಞರ ಮಂಡಲಿ 2016ರಲ್ಲಿಯೇ ಹೇಳಿತ್ತು. ಗೋಡೆಗೆ ತಾಗಿದ ಗಾಳಿಯಷ್ಟೇ ಶುದ್ಧವಾದೀತು. ಬೀದಿಯ ಗಾಳಿಯೆಲ್ಲ ಗೋಡೆಗೆ ಬಂದು ತಾಗುವುದಿಲ್ಲ. ಒಳ್ಳೆಯ ಉದ್ದೇಶಕ್ಕೆ ಅತಿಶಯೋಕ್ತಿ ಅಲಂಕಾರ ಬೇಡ.

ಈ ಎಲ್ಲ ದಾರಿಗಳ ಹಿಂದೆ ನನಗೆ ಕಾಣುವ ತತ್ವ ಒಂದೇ. ಅದನ್ನು ಹೇಳಲು ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನನ್ನು ನೆನೆಯುತ್ತೇನೆ. ಹನ್ನೆರಡನೆಯ ಶತಮಾನದ ಆ ದೊರೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚಿತ್ರಕಲೆಯ ಪ್ರಕರಣವಿದೆ. ಅಲ್ಲಿ ಚಿತ್ರಕ್ಕೆ ಮುಂಚೆ ಸಾಮಗ್ರಿಯ ವಿಚಾರ ಬರುತ್ತದೆ: ಗೋಡೆಯನ್ನು ಹದಗೊಳಿಸುವುದು ಹೇಗೆ, ಎಮ್ಮೆಯ ಚರ್ಮವನ್ನು ಬೆಣ್ಣೆಯಂತೆ ಮೆತ್ತಗಾಗುವ ತನಕ ನೀರಿನಲ್ಲಿ ಕುದಿಸಿ 'ವಜ್ರಲೇಪ'ವೆಂಬ ಅಂಟನ್ನು ಮಾಡುವುದು ಹೇಗೆ ಎಂದು ವಿವರಿಸಲಾಗಿದೆ. ಅಂದಿನ ಚಿತ್ರಕಾರ ತನ್ನ ಬಣ್ಣದ ಕುಲಗೋತ್ರವನ್ನು ಬಲ್ಲವನಾಗಿದ್ದ. ಹಾಗೆಂದು ಹಳೆಯದೆಲ್ಲ ನಿರ್ದೋಷವೆಂದು ನಾನು ಹೇಳುವುದಿಲ್ಲ. ಹರಿದಳ, ಇಂಗಲೀಕಗಳೂ ಪ್ರಾಚೀನ ಬಣ್ಣಗಳೇ, ಒಂದರಲ್ಲಿ ಪಾಷಾಣ, ಇನ್ನೊಂದರಲ್ಲಿ ಪಾದರಸ. ಆದರೆ ತಿಳಿದು ಬಳಸುವುದಕ್ಕೂ ತಿಳಿಯದೆ ಬಳಸುವುದಕ್ಕೂ ಅಂತರವಿದೆ. ಇಂದಿನ ತರುಣನ ಕೈಗೆ ಬರುವುದು ಬಾಯಿ ಬಿಗಿದ ಡಬ್ಬಿ. ಅದರ ಒಳಗೇನಿದೆಯೆಂದು ಓದಲು ಭೂತಕನ್ನಡಿ ಬೇಕು.

ಸಾಗರ, ಸೊರಬದ ಸೀಮೆಯ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವನ್ನು ನೀವು ನೋಡಿರಬಹುದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳುಪು, ಹುರಿದು ಕರಿದಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಮದುವೆಗೆ ಬರೆದ ಚಿತ್ತಾರ ಕಾಲ ಕಳೆದಂತೆ ಮಾಸುತ್ತದೆ. ಮಾಸಿದ್ದು ಮಣ್ಣಿಗೆ ಮರಳುತ್ತದೆ. ಬೆಳಗಿನ ರಂಗೋಲಿ ಸಂಜೆಯ ಹೊತ್ತಿಗೆ ಅಳಿಸುತ್ತದೆ. ಅದರ ಸಾಮಗ್ರಿಯೂ ಅಷ್ಟೇ ಹಗುರ. ಚಿತ್ರದ ಆಯುಸ್ಸಿಗೆ ತಕ್ಕ ಸಾಮಗ್ರಿ ಎಂಬುದು ಇಲ್ಲಿನ ತತ್ವ. ಬೀದಿಯ ಚಿತ್ರವೂ ಸ್ವಭಾವತಃ ಅಲ್ಪಾಯು. ಒಬ್ಬನು ಬರೆದದ್ದರ ಮೇಲೆ ತಿಂಗಳೊಪ್ಪತ್ತಿನಲ್ಲಿ ಇನ್ನೊಬ್ಬನು ಬರೆಯುತ್ತಾನೆ. ಒಂದು ತಿಂಗಳು ಬಾಳುವ ಚಿತ್ರಕ್ಕೆ ಶತಮಾನ ಕರಗದ ರಾಳವನ್ನೂ ಎದೆಯಲ್ಲಿ ಉಳಿಯುವ ವಿಷವನ್ನೂ ವೆಚ್ಚ ಮಾಡುವುದು ಲೆಕ್ಕ ತಪ್ಪಿದ ವ್ಯವಹಾರ. ನೂರು ವರ್ಷ ನಿಲ್ಲಬೇಕಾದ ಭಿತ್ತಿಚಿತ್ರಕ್ಕೆ ಬಾಳುವ ಬಣ್ಣವನ್ನು ಹಾಕೋಣ; ಹಬ್ಬದ ಚಿತ್ರಕ್ಕೆ, ಅಭ್ಯಾಸದ ಚಿತ್ರಕ್ಕೆ ಸುಣ್ಣ, ಮಣ್ಣು, ಮಸಿಗಳೇ ಸಾಕು.

ಈ ಭಾರವನ್ನೆಲ್ಲ ಕಲಾವಿದನ ತಲೆಯ ಮೇಲೆ ಹೊರಿಸುವುದೂ ನ್ಯಾಯವಲ್ಲ. ತಯಾರಕರಿಗೆ ಮಿತಿ ಹಾಕಿದಾಗ ಸಾಮಗ್ರಿ ಸುಧಾರಿಸುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ 1995ರಲ್ಲಿ ತುಂತುರುಬಣ್ಣದ ಆವಿಗೆ ಮಿತಿ ಗೊತ್ತುಮಾಡಿತು. 2000ದಲ್ಲಿ ಆವಿಯ ತೂಕದ ಬದಲು ಅದು ಎಷ್ಟು ಓಝೋನನ್ನು ಹುಟ್ಟಿಸಬಲ್ಲದು ಎಂಬುದನ್ನೇ ಅಳತೆಗೋಲಾಗಿ ಮಾಡಿತು. 2008ರಲ್ಲಿ ಅಮೆರಿಕ ಇಡೀ ದೇಶಕ್ಕೆ ಅದೇ ಬಗೆಯ ನಿಯಮವನ್ನು ತಂದಿತು. ನಮ್ಮ ದೇಶದಲ್ಲಿಯೂ 2016ರ ನಿಯಮವೊಂದು ಮನೆಗಳಿಗೆ ಬಳಿಯುವ ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂದು ವಿಧಿಸಿ, ಮರುವರ್ಷ ಜಾರಿಗೆ ಬಂತು. ಸೀಸಕ್ಕೆ ಆದದ್ದು ಆವಿಗೂ ಆಗಬಹುದು. ಡಬ್ಬಿಯ ಮೇಲೆ ಒಳಗಿನ ದ್ರವ್ಯಗಳ ಹೆಸರು, ಅಪಾಯ, ಎಚ್ಚರಿಕೆಗಳು ನಮ್ಮ ಭಾಷೆಯಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರಬೇಕೆಂದು ಕೇಳುವುದು ಕನ್ನಡದ ಕೆಲಸವೂ ಹೌದು.

ಖಾಲಿ ಡಬ್ಬಿಯ ವಿಷಯವಾಗಿಯೂ ಒಂದು ಮಾತು. ಖಾಲಿಯೆಂದು ಕಂಡ ಡಬ್ಬಿಯಲ್ಲಿ ಅನಿಲ ಉಳಿದಿರುತ್ತದೆ. ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. ಅದನ್ನು ಆಯುವ ಕೈ ಬಡ ಪೌರಕಾರ್ಮಿಕರದು ಎಂಬುದನ್ನು ಮರೆಯಬಾರದು. 2016ರ ಘನತ್ಯಾಜ್ಯ ನಿಯಮಗಳಲ್ಲಿಯೇ ಬಣ್ಣದ ಡಬ್ಬಗಳನ್ನೂ ಕೀಟನಾಶಕದ ಡಬ್ಬಿಗಳನ್ನೂ ಮನೆಯ ಅಪಾಯಕಾರಿ ಕಸವೆಂದು ಬೇರೆಯಾಗಿ ಹೆಸರಿಸಲಾಗಿತ್ತು. ಹಸಿಕಸ, ಒಣಕಸಗಳಿಗೆ ಸೇರಿಸದೆ ಅದನ್ನು ಪ್ರತ್ಯೇಕವಾಗಿ ಕೊಡುವುದು ಚಿತ್ರ ಬರೆದವನ ಕೊನೆಯ ಕರ್ತವ್ಯ; ಚಿತ್ರದ ಕೆಳಗೆ ಸಹಿ ಹಾಕುವಷ್ಟೇ ಮುಖ್ಯವಾದದ್ದು. ಹಾಗೆಯೇ ಗೋಡೆಗಳಿಗೆ ಚಿತ್ರ ಬರೆಸುವ ನಗರಸಭೆಗಳು, ಶಾಲೆಗಳು, ಸಂಘಸಂಸ್ಥೆಗಳು ಯಾವ ಚಿತ್ರ ಎಂದು ಕೇಳುವಾಗ ಯಾವ ಬಣ್ಣ ಎಂದೂ ಕೇಳಲಿ. ಬರೆಯುವವರಿಗೆ ತಕ್ಕ ಮುಖವಾಡಗಳ ಖರ್ಚನ್ನೂ ಕೊಡಲಿ.

ನನ್ನ ಮೊಮ್ಮಗನ ವಯಸ್ಸಿನವರು ಈ ಮಾತುಗಳನ್ನು ಕೇಳುತ್ತಿದ್ದರೆ ಅವರಿಗೆ ನನ್ನ ವಿನಂತಿ ಇಷ್ಟೆ: ಬರೆಯುವುದನ್ನು ಬಿಡಬೇಡಿ. ಬೂದುಬಣ್ಣದ ಊರಿಗೆ ನಿಮ್ಮ ಬಣ್ಣ ಬೇಕು, ನಮ್ಮಂಥ ಮುದುಕರ ಕಣ್ಣಿಗೂ ಬೇಕು. ಆದರೆ ಡಬ್ಬಿಯನ್ನು ಕುಲುಕುವ ಮುನ್ನ ಒಂದು ಗಳಿಗೆ ನಿಂತು, ಇದರಲ್ಲಿ ಏನಿದೆ, ಇದು ಎಲ್ಲಿಗೆ ಹೋಗುತ್ತದೆ, ಇದಿಲ್ಲದೆ ನಡೆದೀತೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಗುಹೆಯ ಗೋಡೆಯ ಮೇಲೆ ತನ್ನ ಕೈಗುರುತನ್ನು ಉಳಿಸಿದ ಆ ಅನಾಮಧೇಯ ಪೂರ್ವಜ ನಮಗೆ ಚಿತ್ರವನ್ನೂ ಬಿಟ್ಟುಹೋದ, ಶುದ್ಧವಾದ ಗಾಳಿಯನ್ನೂ ಬಿಟ್ಟುಹೋದ. ನಾವೂ ಮುಂದಿನವರಿಗೆ ಎರಡನ್ನೂ ಬಿಟ್ಟುಹೋಗುವಂತಾಗಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.